ಅವಳಿಗೆ ಹೆದರಿಕೆ ಆಗಲ್ವಾ, ಚಿಕ್ಕಮ್ಮಾ?

ನಾನು ಬರೆಯುತ್ತಿರುವ ಕಾದಂಬರಿಯನ್ನು ಮೊದಲು ಓದಿದ್ದು ನನ್ನ ಅಕ್ಕನ ಮಗಳು. ಅವಳಿಗೆ 14 ವರ್ಷ. ಹತ್ತು ಅಧ್ಯಾಯ ಪ್ರಿಂಟ್ ತೆಗೆದು, ಕ್ಲಿಪ್ ಹಾಕಿ, ಜೊತೆಗೊಂದು ಪೆನ್ಸಿಲ್ ಕೊಟ್ಟಿದ್ದೆ. ಎಲ್ಲಿ ಬೋರ್ ಆಗುತ್ತೋ ಅಲ್ಲಿ ಗೆರೆ ಎಳಿ, ಮುಲಾಜು ಬೇಡ ಅಂದಿದ್ದೆ. ಮೂರು ದಿನ ಬಿಟ್ಟು ವಾಪಸ್ ತಂದಳು. ಗೆರೆಗಳು ಜಾಸ್ತಿ ಇರಲಿಲ್ಲ. ಆದರೆ ಆರನೇ ಅಧ್ಯಾಯದಲ್ಲಿ, ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಳು. "ಅವಳಿಗೆ ಹೆದರಿಕೆ ಆಗಲ್ವಾ, ಚಿಕ್ಕಮ್ಮಾ?"

ಇಡೀ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾಗಿದ್ದು ಆ ಆರನೇ ಅಧ್ಯಾಯವೇ. ಕಥೆ ನಡೆಯುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನಲ್ಲಿ, 1836ರಲ್ಲಿ. ಹತ್ತಿ ಮಿಲ್ಲು. 13 ವರ್ಷದ ನನ್ನ ನಾಯಕಿ ಮೇಲ್ವಿಚಾರಕನ ಮುಂದೆ ಎದೆ ಸೆಟೆಸಿ ನಿಲ್ಲುತ್ತಾಳೆ. ಹೆಣ್ಣು ಗಂಡು ಸಮಾನ, ನಮ್ಮ ದುಡಿಮೆಗೆ ನ್ಯಾಯವಾದ ಕೂಲಿ ಬೇಕು ಅಂತ ಒಂದು ಪುಟ ಮಾತಾಡುತ್ತಾಳೆ. ಅವನು ತಲೆ ತಗ್ಗಿಸಿ ಹೊರಟುಹೋಗುತ್ತಾನೆ. ಬರೆದ ದಿನ ನಾನೇ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡಿದ್ದೆ.

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆದರುವುದಕ್ಕೆ ನನ್ನ ಹುಡುಗಿಗೆ ನಾನು ಏನನ್ನೂ ಕೊಟ್ಟಿರಲಿಲ್ಲ. ಕೆಲಸ ಹೋದರೆ ಅವತ್ತು ರಾತ್ರಿ ಅವಳು ಎಲ್ಲಿ ಮಲಗುತ್ತಾಳೆ? ಬರೆದಿರಲಿಲ್ಲ. ಅವಳ ಕೂಲಿ ನಂಬಿಕೊಂಡು ಮನೆಯಲ್ಲಿ ಯಾರಿದ್ದಾರೆ? ಅದನ್ನೂ ಬರೆದಿರಲಿಲ್ಲ. ಲೋವೆಲ್‌ನಲ್ಲಿ ಒಂದು ಮಿಲ್ಲು ಬಿಟ್ಟು ಇನ್ನೊಂದು ಮಿಲ್ಲಿಗೆ ಸೇರಬೇಕಾದರೆ ಹಳೆ ಮಿಲ್ಲಿನಿಂದ 'ಗೌರವದ ಬಿಡುಗಡೆ' ಪತ್ರ ಬೇಕಿತ್ತು. ಆ ಚೀಟಿ ಇಲ್ಲದಿದ್ದರೆ ಊರಿನ ಬೇರೆ ಮಿಲ್ಲುಗಳ ಬಾಗಿಲೂ ಮುಚ್ಚಿದಂತೆಯೇ. ಇದು ನನಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಆದರೆ ಆ ದೃಶ್ಯ ಬರೆಯುವಾಗ ನನ್ನ ಹುಡುಗಿಯ ತಲೆಯಲ್ಲಿ ಆ ಚೀಟಿಯ ಯೋಚನೆ ಒಂದು ಸಲವೂ ಬರಲಿಲ್ಲ. ಯಾಕಂದ್ರೆ ಅಲ್ಲಿ ಮಾತಾಡುತ್ತಿದ್ದವಳು ಅವಳಲ್ಲ, ನಾನು. ಕೆಲಸ ಹೋಗುವ ಭಯವಿಲ್ಲದೆ ಮೇಜಿನ ಮುಂದೆ ಆರಾಮಾಗಿ ಕೂತು, ಅವಳ ಬಾಯಿಂದ ನನ್ನ ಮಾತು ಆಡಿಸಿದ್ದೆ.

ಹದಿಹರೆಯದವರ ಐತಿಹಾಸಿಕ ಕಾದಂಬರಿ ಅಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಹುಡುಗಿಯೇ ಮುಖ್ಯ ಪಾತ್ರ ಅಂದರಂತೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದುತ್ತಾ ಓದುತ್ತಾ ಒಂದು ಅಚ್ಚು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು ಅನ್ನಿಸುತ್ತೆ. ಗಟ್ಟಿ ಹುಡುಗಿ ಅಂದರೆ ಕತ್ತಿ ಹಿಡಿಯಬೇಕು, ಇಲ್ಲಾ ಕುದುರೆ ಏರಬೇಕು. ಹೊಲಿಗೆ ಕಂಡರೆ ಅವಳಿಗೆ ಆಗಬಾರದು. ಮದುವೆ ಬೇಡ ಅನ್ನಬೇಕು. ಸುತ್ತಲಿನ ಹುಡುಗಿಯರೆಲ್ಲ ಪೆದ್ದಿಯರು, ಇವಳೊಬ್ಬಳೇ ಬೇರೆ. ದೊಡ್ಡವರಿಗೆ ಎದುರುತ್ತರ ಕೊಡಬೇಕು, ಕೊಟ್ಟು ಗೆಲ್ಲಬೇಕು.

ಈಗ ಯೋಚಿಸಿದರೆ ಇದರಲ್ಲಿ ಒಂದು ಅನ್ಯಾಯ ಇದೆ. ಆ ಕಾಲದಲ್ಲಿ ನಿಜವಾಗಿ ಬದುಕಿದ್ದ ಸಾವಿರಾರು ಹುಡುಗಿಯರು ಎದುರುತ್ತರ ಕೊಟ್ಟು ಗೆಲ್ಲಲಿಲ್ಲ. ಹಾಗಂತ ಅವರಿಗೆ ಧೈರ್ಯ ಇರಲಿಲ್ಲ ಅಂತ ಅಲ್ಲವಲ್ಲ. ಅವರ ಕಾಲಕ್ಕೆ ನಮ್ಮ ಕಾಲದ ಹುಡುಗಿಯನ್ನು ಲಂಗ ಉಡಿಸಿ ಕಳಿಸಿದರೆ ಅವಳ ಪಕ್ಕದಲ್ಲಿ ಅವರೆಲ್ಲ ಹೇಡಿಗಳ ಹಾಗೆ ಕಾಣುತ್ತಾರೆ. ನಾನು ಮಾಡಿದ್ದು ಅದನ್ನೇ.

ಅಕ್ಕನ ಮಗಳ ಆ ಒಂದು ಸಾಲು ಇಟ್ಟುಕೊಂಡು ಹಳೆಯದನ್ನೆಲ್ಲ ಮತ್ತೆ ಓದೋಕೆ ಕೂತೆ. ಈ ಸಲ ಒಂದೇ ವಿಷಯ ಹುಡುಕಿದೆ. ಚರಿತ್ರೆಯಲ್ಲಿ ಹೆಸರು ಉಳಿದ ಹುಡುಗಿಯರಿಗೆ ಹೆದರಿಕೆ ಆಗಿತ್ತಾ? ಯಾವುದರ ಹೆದರಿಕೆ?

ಮೊದಲು ನೋಡಿದ್ದು ಜೋನ್ ಆಫ್ ಆರ್ಕ್, ಗಂಡಸಿನ ಬಟ್ಟೆ ತೊಟ್ಟು ಫ್ರಾನ್ಸಿನ ಪರ ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ಹೋದವಳು. ಕತ್ತಿ ಹಿಡಿದ ಹುಡುಗಿ ಅಂದರೆ ಎಲ್ಲರಿಗೂ ನೆನಪಾಗೋದು ಅವಳೇ ಅಲ್ವಾ. ಸೆರೆ ಸಿಕ್ಕ ಮೇಲೆ ನಡೆದ ಅವಳ ವಿಚಾರಣೆಯ ದಾಖಲೆ ಉಳಿದಿದೆ. ಅವಳಿಗೆ ಏನು ಕೇಳಿದರು, ಅವಳು ಏನು ಹೇಳಿದಳು, ಎಲ್ಲ ಇದೆ. 1431ರ ಮೇ 24ರಂದು ರುಆನ್ ಊರಿನಲ್ಲಿ ಜನರ ಮುಂದೆ ನಿಲ್ಲಿಸಿ, ಸುಡುವ ಬೆದರಿಕೆ ಹಾಕಿದಾಗ ಅವಳು ಸೋತಳು. ತಪ್ಪಾಯಿತು ಅನ್ನುವ ಕಾಗದಕ್ಕೆ ಗುರುತು ಹಾಕಿದಳು. ಹೆಣ್ಣಿನ ಬಟ್ಟೆ ಉಟ್ಟಳು. ಅವಳಿಗೆ ಆಗ ಸುಮಾರು 19 ವರ್ಷ. ನಾಲ್ಕು ದಿನ ಕಳೆದ ಮೇಲೆ ಅದನ್ನೆಲ್ಲ ವಾಪಸ್ ತೆಗೆದುಕೊಂಡಳು. ಬೆಂಕಿಗೆ ಹೆದರಿ ಹಾಗೆ ಹೇಳಿದ್ದೆ ಅಂತ ಅವಳೇ ಒಪ್ಪಿಕೊಂಡಳು. ಮೇ 30ರಂದು ಅವಳನ್ನು ಸುಟ್ಟರು.

ಆ ನಾಲ್ಕು ದಿನ ನನ್ನನ್ನು ತುಂಬ ಕಾಡಿತು. ಕೋಟೆ ಗೆದ್ದ ಕಥೆ ಎಲ್ಲರೂ ಹೇಳುತ್ತಾರೆ. ಹದಿಹರೆಯದ ಓದುಗರಿಗೆ ಬರೆಯುವುದಾದರೆ ನಾನು ಆ ನಾಲ್ಕು ದಿನ ಬರೆಯುತ್ತೇನೆ. ಹೆದರಿ ಸಹಿ ಹಾಕಿದ ಹುಡುಗಿ, ಅದೇ ಹೆದರಿಕೆ ಇಟ್ಟುಕೊಂಡೇ, ಏನಾಗುತ್ತೆ ಅಂತ ಚೆನ್ನಾಗಿ ಗೊತ್ತಿದ್ದೂ, ಇಲ್ಲ ಅದು ಸುಳ್ಳು ಅಂತ ಹೇಳುವ ತನಕದ ನಾಲ್ಕು ದಿನ.

ಆಮೇಲೆ ಮೇರಿ ಆನಿಂಗ್. ಇಂಗ್ಲೆಂಡಿನ ಲೈಮ್ ರೀಜಿಸ್ ಅನ್ನುವ ಸಮುದ್ರ ತೀರದ ಊರಿನವಳು, ಹುಟ್ಟಿದ್ದು 1799ರಲ್ಲಿ. ಅಪ್ಪ ಮರಗೆಲಸದವನು, 1810ರಲ್ಲಿ ಸಾಲ ಬಿಟ್ಟು ತೀರಿಕೊಂಡ. ಅಣ್ಣನೂ ಅವಳೂ ಕಡಲ ಬಂಡೆಗಳಲ್ಲಿ ಸಿಗುವ ಪಳೆಯುಳಿಕೆ ಹೆಕ್ಕಿ ಪ್ರವಾಸಿಗಳಿಗೆ ಮಾರುತ್ತಿದ್ದರು. 1811ರಲ್ಲಿ ಅಣ್ಣನಿಗೆ ಒಂದು ದೊಡ್ಡ ತಲೆಬುರುಡೆ ಕಂಡಿತು. ಮುಂದಿನ ವರ್ಷ ಉಳಿದ ಅಸ್ಥಿಪಂಜರ ಹುಡುಕಿದವಳು ಮೇರಿ. ಅದು ಇಕ್ಥಿಯೋಸಾರ್, ಬಹಳ ಹಿಂದೆಯೇ ಅಳಿದುಹೋದ ಕಡಲ ಸರೀಸೃಪ. ಅವಳಿಗೆ ಆಗ 12 ತುಂಬಿ 13 ನಡೆಯುತ್ತಿದ್ದ ವಯಸ್ಸು. ಅದನ್ನು ಮಾರಿ ಬಂದದ್ದು ಸುಮಾರು 23 ಪೌಂಡ್.

ಇವಳ ಕೆಲಸದ ಹೊತ್ತು ಯಾವುದು ಗೊತ್ತಾ? ಚಳಿಗಾಲದಲ್ಲಿ, ಬಿರುಗಾಳಿ ಮಳೆ ಆದ ಮೇಲೆ. ಬಂಡೆ ಕುಸಿದಾಗಲೇ ಹೊಸ ಪದರ ತೆರೆಯುತ್ತೆ. ಭರತದ ಅಲೆ ಬಂದು ಕೊಚ್ಚಿಕೊಂಡು ಹೋಗುವ ಮೊದಲು ತೆಗೆಯಬೇಕು. ಅಂದರೆ ಬಂಡೆ ಮತ್ತೆ ಕುಸಿಯೋ ಅಪಾಯ ಇರುವಾಗಲೇ ಅದರ ಕೆಳಗೆ ಹೋಗಿ ನಿಲ್ಲಬೇಕು. 1833ರಲ್ಲಿ ಹಾಗೆ ಕುಸಿದ ಮಣ್ಣಿನಲ್ಲಿ ಅವಳ ನಾಯಿ ಟ್ರೇ ಸತ್ತಿತು. ಅವಳು ಸ್ವಲ್ಪದರಲ್ಲಿ ಉಳಿದಳು. ಮರುದಿನವೂ ಹೊಟ್ಟೆಪಾಡಿಗೆ ಹೋಗಬೇಕಾದ ಜಾಗ ಅದೇ ತೀರ. ಇಲ್ಲಿ ಎದುರುತ್ತರ ಕೊಡೋಕೆ ಯಾರಿದ್ದಾರೆ? ಬಂಡೆಗೆ ಭಾಷಣ ಮಾಡೋಕಾಗುತ್ತಾ? ಅವಳ ಗಟ್ಟಿತನ ಇರೋದು ಕಣ್ಣಲ್ಲಿ. ಸಾವಿರ ಕಲ್ಲುಗಳ ನಡುವೆ ಇದು ಮೂಳೆ ಅಂತ ಗುರುತು ಹಿಡಿಯುವ ಕಣ್ಣಲ್ಲಿ. ಅವಳು ಹುಡುಕಿ ಕೊಟ್ಟದ್ದರ ಬಗ್ಗೆ ಗಂಡಸರು ಪ್ರಬಂಧ ಬರೆದರು, ಎಷ್ಟೋ ಸಲ ಅವಳ ಹೆಸರನ್ನೂ ಹಾಕದೆ. ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿ ತೀರಿಕೊಂಡದ್ದು 1847ರಲ್ಲಿ.

ಇಂಥ ಹುಡುಗಿಯ ಬಗ್ಗೆ ಬರೆಯುವಾಗ ಕೊನೆಯಲ್ಲಿ ಸಂಘದವರು ಎದ್ದು ನಿಂತು ಚಪ್ಪಾಳೆ ತಟ್ಟುವ ದೃಶ್ಯ ಸೇರಿಸಬೇಕು ಅಂತ ಕೈ ತುರಿಸುತ್ತೆ. ಸೇರಿಸಬಾರದು. ಓದುವ ಹುಡುಗಿಗೆ ಸಿಟ್ಟು ಬರಲಿ. ಆ ಸಿಟ್ಟು ಅವಳಿಗೆ ಸೇರಬೇಕಾದದ್ದು. ನಾವು ಸುಳ್ಳು ಚಪ್ಪಾಳೆ ಹೊಡೆಸಿ ಅದನ್ನು ಕಿತ್ತುಕೊಳ್ಳಬಾರದು.

ಹೊಲಿಗೆಯ ವಿಷಯ ಹೇಳಬೇಕು. ಸೂಜಿ ಬಿಸಾಕಿ ಓಡುವ ನಾಯಕಿ ಎಷ್ಟು ಪುಸ್ತಕದಲ್ಲಿ ಬರುತ್ತಾಳೋ ಲೆಕ್ಕ ಇಲ್ಲ. ಆದರೆ ಬಟ್ಟೆಯೆಲ್ಲ ಕೈಯಲ್ಲೇ ಹೊಲಿಯಬೇಕಿದ್ದ ಕಾಲದಲ್ಲಿ ಸೂಜಿ ಬಲ್ಲವಳು ಹಸಿವಿನಿಂದ ಸಾಯುವ ಸಾಧ್ಯತೆ ಕಡಿಮೆ. ಗಂಡಸಿನ ವೇಷ ಹಾಕಿ ಹೊರಟವಳಿಗೂ ಸೂಜಿ ಬೇಕು. ಜಾನ್ ಬಾರೆ ಅನ್ನುವ ಫ್ರೆಂಚ್ ಹೆಣ್ಣುಮಗಳು 1766ರಲ್ಲಿ ಗಂಡಸಿನ ವೇಷದಲ್ಲಿ, ಸಸ್ಯವಿಜ್ಞಾನಿಯೊಬ್ಬರ ಸಹಾಯಕನಾಗಿ ಹಡಗು ಹತ್ತಿದಳು. ಪ್ರಪಂಚ ಸುತ್ತಿದ ಮೊದಲ ಹೆಂಗಸು ಅಂತ ಅವಳ ಹೆಸರು ಹೇಳುತ್ತಾರೆ. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರು ಇರುವಂತೆಯೇ ಇರಲಿಲ್ಲ. ವೇಷ ಅಂದರೆ ಪುಸ್ತಕಗಳಲ್ಲಿ ಜುಟ್ಟು ಕತ್ತರಿಸಿ ಟೋಪಿ ಹಾಕಿದರೆ ಮುಗಿಯಿತು. ತಿಂಗಳಾನುಗಟ್ಟಲೆ ನೂರಾರು ಗಂಡಸರ ಜೊತೆ ಒಂದೇ ಹಡಗಿನಲ್ಲಿ ಇರುವವಳು ಎದೆಗೆ ಸುತ್ತಿದ ಬಟ್ಟೆ ಎಲ್ಲಿ ಒಗೆಯುತ್ತಾಳೆ, ಎಲ್ಲಿ ಒಣಗಿಸುತ್ತಾಳೆ, ಮುಟ್ಟಾದಾಗ ಏನು ಮಾಡುತ್ತಾಳೆ? ಹದಿಮೂರು ಹದಿನಾಲ್ಕರ ಹುಡುಗಿಯರಿಗೆ ಮೊದಲು ಬರುವ ಪ್ರಶ್ನೆ ಅದೇ. ಬರೆಯುವವರು ಅದನ್ನು ದಾಟಿಕೊಂಡು ಹೋಗಿಬಿಡುತ್ತೇವೆ.

ಸರಿ, ಲೋವೆಲ್‌ಗೆ ಬರುತ್ತೇನೆ. ಇಷ್ಟೆಲ್ಲ ಸುತ್ತಿದ್ದು ಅಲ್ಲಿಗೆ ವಾಪಸ್ ಹೋಗೋಕೇ.

ಮೆರಿಮ್ಯಾಕ್ ನದಿಯ ನೀರಿನ ಬಲದಲ್ಲಿ ಓಡುತ್ತಿದ್ದ ಆ ಮಿಲ್ಲುಗಳಲ್ಲಿ ಕೆಲಸಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹಳ್ಳಿಗಳ ರೈತರ ಹೆಣ್ಣುಮಕ್ಕಳು. ಕಂಪನಿಯೇ ಕಟ್ಟಿಸಿದ ವಸತಿಮನೆಗಳಲ್ಲಿ ಇರಬೇಕು. ಒಂದು ಹಾಸಿಗೆಗೆ ಇಬ್ಬರು. ರಾತ್ರಿ 10ಕ್ಕೆ ಬಾಗಿಲು ಹಾಕುತ್ತಾರೆ. ಬೆಳಗಿನ ಜಾವ ಗಂಟೆ ಬಾರಿಸಿದರೆ ಏಳಬೇಕು. ಆ ವಸತಿಮನೆಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ವಿಧವೆಯರು ತುಂಬ ಜನ. ಅಂಥ ಒಬ್ಬ ವಿಧವೆಯ ಮಗಳು ಹ್ಯಾರಿಯೆಟ್ ಹ್ಯಾನ್ಸನ್. ಹುಟ್ಟಿದ್ದು 1825ರಲ್ಲಿ. ಹತ್ತನೇ ವಯಸ್ಸಿಗೆ ಮಿಲ್ಲಿಗೆ ಸೇರಿದಳು. ಡಾಫರ್ ಕೆಲಸ. ಅಂದರೆ ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವುದು. ವಾರಕ್ಕೆ 2 ಡಾಲರ್.

ಈ ಕೆಲಸದಲ್ಲಿ ಒಂದು ವಿಶೇಷ ಇದೆ. ಗಂಟೆಯಲ್ಲಿ ಸುಮಾರು 15 ನಿಮಿಷ ಮಾತ್ರ ಕೆಲಸ. ಉಳಿದ ಹೊತ್ತು ಮಕ್ಕಳು ಆಡುತ್ತಿದ್ದರು, ಹೆಣೆಯುತ್ತಿದ್ದರು, ಕಥೆ ಹೇಳಿಕೊಳ್ಳುತ್ತಿದ್ದರು. ಆದರೆ ಕೆಲಸದ ಹೊತ್ತು ಬೆಳಗ್ಗೆ 5ರಿಂದ ಸಂಜೆ 7ರ ತನಕ, ತಿಂಡಿಗೆ ಅರ್ಧ ಗಂಟೆ, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ. ನನ್ನ ಮೊದಲ ಕರಡಿನಲ್ಲಿ ಮಕ್ಕಳು ಇಡೀ ದಿನ ಅಳುತ್ತಾ ದುಡಿಯುತ್ತಿದ್ದರು. ನಿಜದಲ್ಲಿ ಅವರು ಯಂತ್ರಗಳ ಮಧ್ಯೆ ಆಡುತ್ತಿದ್ದರು. ಮಕ್ಕಳು ಎಲ್ಲಿ ಬಿಟ್ಟರೂ ಆಟ ಹುಡುಕಿಕೊಳ್ಳುತ್ತಾರೆ. ಹದಿನಾಲ್ಕು ಗಂಟೆ ಮಿಲ್ಲಿಗೆ ಕಟ್ಟಿಬಿದ್ದ ಮಕ್ಕಳು ಆಡುತ್ತಿದ್ದಾರೆ ಅನ್ನುವುದು ಅಳುತ್ತಿದ್ದಾರೆ ಅನ್ನುವುದಕ್ಕಿಂತ ನನಗೆ ಜಾಸ್ತಿ ಸಂಕಟ ಕೊಟ್ಟಿತು.

1836ರ ಅಕ್ಟೋಬರ್‌ನಲ್ಲಿ ಮಿಲ್ಲಿನವರು ಊಟ ವಸತಿಯ ಖರ್ಚನ್ನು ಹುಡುಗಿಯರ ಮೇಲೆ ಹೆಚ್ಚಿಗೆ ಹೊರಿಸಲು ಹೊರಟರು. ಕೈಗೆ ಬರುವ ಕೂಲಿ ಕಡಿಮೆಯಾಯಿತು. ಎಲ್ಲರೂ ಹೊರಗೆ ನಡೆಯೋಣ ಅಂತ ಮಾತಾಯಿತು. ಮೇಲಿನ ಮಹಡಿಯ ಕೋಣೆಗಳವರು ಹೊರಟೇಬಿಟ್ಟರು. ಹ್ಯಾರಿಯೆಟ್ ಇದ್ದ ಕೋಣೆಯಲ್ಲಿ ಮಾತ್ರ ಎಲ್ಲರೂ ಗೊಂದಲದಲ್ಲಿ ನಿಂತರು. ನೀನು ಹೋಗ್ತೀಯಾ, ನಾವು ಹೋಗೋಣ್ವಾ, ಅಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮೊದಲ ಹೆಜ್ಜೆ ಇಡೋಕೆ ಯಾರಿಗೂ ಧೈರ್ಯ ಇಲ್ಲ. 11 ವರ್ಷದ ಹ್ಯಾರಿಯೆಟ್‌ಗೆ ತಾಳ್ಮೆ ತಪ್ಪಿತು. ಯಾರು ಬಂದರೂ ಬಿಟ್ಟರೂ ನಾನಂತೂ ಹೋಗ್ತೀನಿ ಅಂತ ಹೊರಟಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಹಿಂದೆ ಉದ್ದ ಸಾಲು. 1898ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನ ನೆನಪುಗಳ ಪುಸ್ತಕದಲ್ಲಿ ಅವಳು ಇದನ್ನು ಬರೆದಿದ್ದಾಳೆ. ಅವತ್ತಿನಷ್ಟು ಹೆಮ್ಮೆ ಮತ್ತೆ ಯಾವತ್ತೂ ಆಗಲಿಲ್ಲ ಅಂದಿದ್ದಾಳೆ.

ಸಾವಿರಕ್ಕೂ ಮೀರಿ ಹುಡುಗಿಯರು ಅವತ್ತು ಬೀದಿಯಲ್ಲಿ ಹಾಡುತ್ತಾ ನಡೆದರು. ಒಬ್ಬಳು ನೀರಿನ ಪಂಪಿನ ಮೇಲೆ ಹತ್ತಿ ನಿಂತು ಮಾತಾಡಿದಳು. ಹೆಣ್ಣೊಬ್ಬಳು ಬೀದಿಯಲ್ಲಿ ನಿಂತು ಭಾಷಣ ಮಾಡಿದ್ದಕ್ಕೆ ಊರಿನ ಜನ ದಂಗಾದರು.

ಇಲ್ಲಿ ನಿಲ್ಲಿಸಿದರೆ ಎಷ್ಟು ಚೆನ್ನಾಗಿದೆ, ಅಲ್ವಾ? ನಾನೂ ನಿಲ್ಲಿಸುತ್ತಿದ್ದೆ. ಆದರೆ ಆಮೇಲೆ ನಡೆದದ್ದು ಇದು. ಕಂಪನಿಯವರು ಹ್ಯಾರಿಯೆಟ್‌ನ ಅಮ್ಮನನ್ನು ವಸತಿಮನೆಯ ಕೆಲಸದಿಂದ ತೆಗೆದರು. ದೊಡ್ಡ ಹುಡುಗಿಯರನ್ನು ತಡೆಯೋಕೆ ನಿನ್ನ ಕೈಲಿ ಆಗದಿರಬಹುದು, ಆದರೆ ನಿನ್ನ ಮಗಳು ಚಿಕ್ಕವಳು, ಅವಳನ್ನು ಹಿಡಿತದಲ್ಲಿ ಇಡಬಹುದಿತ್ತಲ್ಲ ಅಂತ ಹೇಳಿ ತೆಗೆದರು. ಗಂಡ ಇಲ್ಲದ, ಮಕ್ಕಳನ್ನು ಸಾಕಬೇಕಾದ ಹೆಂಗಸು.

ಇದನ್ನು ಓದಿ ಪುಸ್ತಕ ಮುಚ್ಚಿ ಸುಮ್ನೆ ಕೂತೆ. ನನ್ನ ಆರನೇ ಅಧ್ಯಾಯ ಯಾಕೆ ಟೊಳ್ಳು ಅಂತ ಆಗ ಸರಿಯಾಗಿ ಅರ್ಥವಾಯಿತು. 11 ವರ್ಷದ ಹುಡುಗಿ ಇಟ್ಟ ಹೆಜ್ಜೆಯ ಬೆಲೆ ಕಟ್ಟಿದ್ದು ಅಮ್ಮ. ಹುಡುಗಿಗೆ ಅದು ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ಹೋಗುತ್ತಿದ್ದಳಾ? ಗೊತ್ತಿಲ್ಲದೆ ಹೋಗಿದ್ದರೆ, ಅವತ್ತು ರಾತ್ರಿ ಅಮ್ಮನ ಮುಖ ಹೇಗೆ ನೋಡಿದಳು? ಕಾದಂಬರಿ ಇರುವುದು ಇಲ್ಲಿ. ಮೇಲ್ವಿಚಾರಕ ತಲೆ ತಗ್ಗಿಸುವುದರಲ್ಲಿ ಅಲ್ಲ.

ಹ್ಯಾರಿಯೆಟ್ ಬರೆದ ಇನ್ನೊಂದು ಸಂಗತಿಯೂ ನನ್ನ ತಲೆಯಿಂದ ಹೋಗುತ್ತಿಲ್ಲ. ಗಂಡನನ್ನು ಬಿಟ್ಟು ಬಂದ ಹೆಂಗಸರು ಮಿಲ್ಲಿನಲ್ಲಿ ಬೇರೆ ಹೆಸರು ಹೇಳಿ ದುಡಿಯುತ್ತಿದ್ದರಂತೆ. ಹೆಂಡತಿಯ ಕೂಲಿಯ ಮೇಲೆ ಕಾನೂನಿನ ಹಕ್ಕು ಗಂಡನದೇ. ಮ್ಯಾಸಚೂಸೆಟ್ಸ್‌ನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿ, ಗಳಿಕೆಯ ಮೇಲೆ ಹಕ್ಕು ಕೊಡುವ ಕಾಯ್ದೆ ಬಂದದ್ದು 1855ರಲ್ಲಿ. ಹಾಗಾಗಿ ಮಿಲ್ಲು ನೋಡೋಕೆ ಹೊರಗಿನವರು ಬಂದರೆ ಈ ಹೆಂಗಸರು ಮಗ್ಗದ ಹಿಂದೆ ಅಡಗಿಕೊಳ್ಳುತ್ತಿದ್ದರು. ಅಷ್ಟೇ ದೃಶ್ಯ. ಮಗ್ಗದ ಹಿಂದೆ ಬಗ್ಗಿ ಕೂತ ಹೆಂಗಸು. ಅವಳನ್ನು ನೋಡುತ್ತಾ ನಿಂತ, ಬಾಬಿನ್ ಬುಟ್ಟಿ ಹಿಡಿದ ಹುಡುಗಿ. ಹೆಣ್ಣಿನ ಸ್ಥಿತಿ ಹೀಗಿತ್ತು ಹಾಗಿತ್ತು ಅಂತ ನಾನು ಎರಡು ಪುಟ ಬರೆದದ್ದನ್ನೆಲ್ಲ ಹೊಡೆದುಹಾಕಿ ಇದನ್ನು ಇಟ್ಟೆ.

ಕೈಗಳ ವಿಷಯವೂ ಕಲಿಯಬೇಕಿತ್ತು. ನನ್ನ ಹುಡುಗಿ ಮುಂದಿನ ಭಾಗದಲ್ಲಿ ನೇಯುವ ಕೋಣೆಗೆ ಹೋಗುತ್ತಾಳೆ. ಗೆಳತಿಯೊಬ್ಬಳ ಹತ್ತಿರ ಹಳೇ ಮರದ ಲಾಳಿ, ಅಂದರೆ ಮಗ್ಗದಲ್ಲಿ ಅಡ್ಡನೂಲು ಹಾಯಿಸುವ ಸಾಧನ ಇತ್ತು, ಕೇಳಿ ತಂದುಕೊಂಡೆ. ದೋಣಿಯ ಆಕಾರ, ಎರಡೂ ತುದಿಗೆ ಲೋಹದ ಮೊನೆ. ಒಳಗೆ ನೂಲಿನ ಉಂಡೆ ಕೂರುವ ಗುಂಡಿ, ಪಕ್ಕದಲ್ಲಿ ನೂಲು ಹೊರಗೆ ಬರುವ ಸಣ್ಣ ಕಣ್ಣು. ಆ ಕಣ್ಣಿನಿಂದ ನೂಲು ಎಳೆಯೋಕೆ ನೇಯುವವರು ತುಟಿ ಇಟ್ಟು ಜೋರಾಗಿ ಉಸಿರು ಒಳಗೆ ಎಳೆಯುತ್ತಿದ್ದರು. ನಾನೂ ತೊಳೆದು ಒರೆಸಿ ಪ್ರಯತ್ನ ಮಾಡಿದೆ. ಮೊದಲ ಮೂರು ಸಲ ಬರೀ ಗಾಳಿ. ನಾಲ್ಕನೇ ಸಲ ನೂಲಿನ ತುದಿ ನಾಲಿಗೆಗೆ ತಾಗಿತು, ಜೊತೆಗೆ ಹತ್ತಿಯ ಪುಡಿ ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ಮರದ ರುಚಿ ತುಂಬ ಹೊತ್ತು ಬಾಯಲ್ಲಿತ್ತು. ಅವರು ಇದನ್ನು ದಿನವಿಡೀ ಮಾಡುತ್ತಿದ್ದರು. ಒಬ್ಬರ ಲಾಳಿ ಇನ್ನೊಬ್ಬರ ತುಟಿಗೆ, ಅವರಿಂದ ಮತ್ತೊಬ್ಬರಿಗೆ. ನೂಲು ಒಣಗಿ ಕಡಿಯಬಾರದು ಅಂತ ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದರು. ಕ್ಷಯ ಹರಡೋಕೆ ಇನ್ನೇನು ಬೇಕು? ಇದಕ್ಕೆ ಆಮೇಲೆ ಸಾವಿನ ಮುತ್ತು ಅನ್ನುವ ಹೆಸರೇ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ ಆ ಥರದ ಲಾಳಿಯನ್ನು ನಿಷೇಧ ಮಾಡಿದ್ದು 1911ರಲ್ಲಿ.

ಅದೇ ಕಿಟಕಿಗಳ ಚೌಕಟ್ಟಿಗೆ ಹುಡುಗಿಯರು ಪತ್ರಿಕೆಯಿಂದ ಕತ್ತರಿಸಿದ ಪದ್ಯಗಳನ್ನು ಅಂಟಿಸುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಪುಸ್ತಕ ತರುವಂತಿರಲಿಲ್ಲ. ಚೌಕಟ್ಟಿನ ಮೇಲಿನ ಚೂರು ಕಾಗದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಗ್ಗ ನೋಡಿಕೊಳ್ಳುತ್ತಲೇ ಪದ್ಯ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಇಂಥ ಹುಡುಗಿಯ ಕೈಗೆ ಕತ್ತಿ ಯಾಕೆ ಬೇಕು ಹೇಳಿ.

ಇನ್ನೊಂದು ಮಾತು ಬಿಡುವ ಹಾಗಿಲ್ಲ. ಆ ಹತ್ತಿ ಬರುತ್ತಿದ್ದದ್ದು ದಕ್ಷಿಣದ ರಾಜ್ಯಗಳಿಂದ. ಬಿಡಿಸುತ್ತಿದ್ದವರು ಗುಲಾಮರು, ಅವರಲ್ಲಿ ನನ್ನ ಹುಡುಗಿಯ ವಯಸ್ಸಿನವರೂ ಇದ್ದರು. ಲೋವೆಲ್‌ನ ಮಿಲ್ಲುಗಳು ಗುಲಾಮರಿಗೆಂದೇ ಒರಟು ಬಟ್ಟೆಯನ್ನೂ ನೇಯುತ್ತಿದ್ದವು. ನನ್ನ ನಾಯಕಿಯ ಕೂಲಿಯ ಜಗಳ ನ್ಯಾಯವಾದದ್ದೇ. ಆದರೆ ಅವಳ ಬೆರಳುಗಳಿಗೆ ಅಂಟಿದ ಆ ಹತ್ತಿಯನ್ನು ಇನ್ನೊಬ್ಬ ಹುಡುಗಿ ಚಾಟಿಯ ಕೆಳಗೆ ಬಿಡಿಸಿದ್ದಾಳೆ. ಇದನ್ನು ಮುಚ್ಚಿಟ್ಟರೆ ಪುಸ್ತಕ ಸುಳ್ಳಾಗುತ್ತೆ. ನನ್ನ ಹುಡುಗಿಗೆ ಇದು ಎಷ್ಟು ಅರ್ಥವಾಗುತ್ತೆ, ಯಾವಾಗ ಅರ್ಥವಾಗುತ್ತೆ ಅನ್ನುವುದರ ಜೊತೆ ಈಗಲೂ ಗುದ್ದಾಡುತ್ತಿದ್ದೇನೆ. ಎಲ್ಲವನ್ನೂ ಮೊದಲೇ ತಿಳಿದ ಹುಡುಗಿಯನ್ನಂತೂ ಇನ್ನೊಮ್ಮೆ ಬರೆಯಲ್ಲ.

ಗೆಲುವಿನ ವಿಷಯಕ್ಕೂ ಅವಸರ ಬೇಡ ಅಂತ ತೀರ್ಮಾನ ಮಾಡಿದ್ದೇನೆ. 1845ರಲ್ಲಿ ಲೋವೆಲ್‌ನ ಹೆಂಗಸರು ದಿನಕ್ಕೆ ಹತ್ತೇ ಗಂಟೆ ಕೆಲಸ ಇರಲಿ ಅಂತ ಸಾವಿರಾರು ಸಹಿ ಹಾಕಿದ ಅರ್ಜಿ ಕೊಟ್ಟರು. ಅವರ ಮುಂದಾಳು ಸಾರಾ ಬ್ಯಾಗ್ಲಿ ಶಾಸನಸಭೆಯ ಸಮಿತಿಯ ಮುಂದೆ ಹೋಗಿ ಸಾಕ್ಷಿ ಹೇಳಿದಳು. ಸಮಿತಿ ಒಪ್ಪಲಿಲ್ಲ. ಹೆಂಗಸರಿಗೂ ಮಕ್ಕಳಿಗೂ ಹತ್ತು ಗಂಟೆಯ ಮಿತಿ ಹಾಕುವ ಕಾಯ್ದೆ ಅಲ್ಲಿ ಬಂದದ್ದು 1874ರಲ್ಲಿ. 1836ರಲ್ಲಿ 13 ವರ್ಷದ ಹುಡುಗಿಗೆ ಆಗ 51. ಅಷ್ಟು ನಿಧಾನ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳುತ್ತಿದ್ದಾಗ ಅವಳು ಕೇಳಿದಳು, "ಹಾಗಾದ್ರೆ ಎಲ್ಲರೂ ಹೆದರ್ಕೊಂಡೇ ಇದ್ರಾ?" ಅವಳಿಗೆ ಕ್ಲಾಡೆಟ್ ಕಾಲ್ವಿನ್ ಕಥೆ ಹೇಳಿದೆ. 1955ರ ಮಾರ್ಚ್ 2, ಅಲಬಾಮದ ಮಾಂಟ್‌ಗೊಮರಿ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ ಅಂತ 15 ವರ್ಷದ ಕಪ್ಪು ಹುಡುಗಿಯನ್ನು ಪೊಲೀಸರು ಎಳೆದುಕೊಂಡು ಹೋದರು. ರೋಸಾ ಪಾರ್ಕ್ಸ್ ಅದೇ ಊರಿನಲ್ಲಿ ಹಾಗೆಯೇ ಸೀಟು ಬಿಡಲ್ಲ ಅಂದು ಹೆಸರಾದದ್ದಕ್ಕಿಂತ ಒಂಬತ್ತು ತಿಂಗಳು ಮೊದಲು. ಅವತ್ತು ರಾತ್ರಿ ಅವಳ ಅಪ್ಪ ಬಂದೂಕು ಹಿಡಿದು ಬೆಳಗಿನ ತನಕ ಎದ್ದೇ ಕೂತಿದ್ದರು. ಯಾರಾದರೂ ಮನೆ ಮೇಲೆ ಬೀಳುತ್ತಾರೇನೋ ಅನ್ನುವ ಭಯ. ಕಪ್ಪು ಜನರ ಹಕ್ಕಿನ ಚಳವಳಿಯ ಹಿರಿಯರು ಅವಳನ್ನು ಮುಂದೆ ನಿಲ್ಲಿಸಲಿಲ್ಲ. ಆದರೂ ಮರುವರ್ಷ ಕೋರ್ಟಿಗೆ ಹೋಗಿ ಅವಳು ಸಾಕ್ಷಿ ಹೇಳಿದಳು. ಬಸ್ಸುಗಳಲ್ಲಿ ಬಣ್ಣದ ಭೇದ ಕಾನೂನಿಗೆ ವಿರುದ್ಧ ಅಂತ ತೀರ್ಪು ಬಂದದ್ದು ಅದೇ ಮೊಕದ್ದಮೆಯಲ್ಲಿ.

ಅಕ್ಕನ ಮಗಳು ಕೇಳಿದ್ದು ಒಂದೇ. "ಅವರ ಅಪ್ಪ ಇಡೀ ರಾತ್ರಿ ಕೂತಿದ್ರಾ?"

ಬಸ್ಸಲ್ಲ, ಪೊಲೀಸಲ್ಲ, ಕೋರ್ಟಲ್ಲ. ಅಪ್ಪ ಕೂತಿದ್ದ ರಾತ್ರಿ ಅವಳಿಗೆ ತಾಗಿತು.

ಹೊಸ ಆರನೇ ಅಧ್ಯಾಯದಲ್ಲಿ ಭಾಷಣ ಇಲ್ಲ. ನನ್ನ ಹುಡುಗಿ ಒಂದು ಮಾತೂ ಆಡುವುದಿಲ್ಲ. ಮೇಲಿನ ಮಹಡಿಯಿಂದ ಹುಡುಗಿಯರು ಇಳಿದು ಬರುವ ಹೆಜ್ಜೆ ಸದ್ದು ಮೆಟ್ಟಿಲ ಮೇಲೆ ಕೇಳುತ್ತೆ. ಅವಳ ಕೈಯಲ್ಲಿ ಖಾಲಿ ಬಾಬಿನ್ ಇದೆ, ಬೆವರಿಗೆ ಜಾರುತ್ತಿದೆ. ಗೌರವದ ಬಿಡುಗಡೆ ಚೀಟಿ ನೆನಪಾಗುತ್ತೆ. ಅಮ್ಮ ನೆನಪಾಗುತ್ತಾಳೆ. ಬಾಬಿನ್ ಎಲ್ಲಿ ಇಡಬೇಕು ಅಂತ ಅವಳಿಗೆ ಗೊತ್ತಾಗುವುದಿಲ್ಲ. ನೆಲದ ಮೇಲೆ ಬಿಸಾಡಿದರೆ ದಂಡ ಹಾಕುತ್ತಾರೇನೋ ಅಂತ ಯೋಚಿಸುತ್ತಾಳೆ. ಕೆಲಸ ಬಿಟ್ಟು ಹೋಗುವವಳಿಗೆ ದಂಡದ ಚಿಂತೆ ಯಾಕೆ ಅಂತ ಅವಳಿಗೇ ಹೊಳೆಯುವುದಿಲ್ಲ. ಕೊನೆಗೆ ಅದನ್ನು ಬುಟ್ಟಿಯಲ್ಲಿ ಸರಿಯಾಗಿ ಜೋಡಿಸಿಟ್ಟು ಬಾಗಿಲ ಕಡೆ ನಡೆಯುತ್ತಾಳೆ.

ಏಳನೇ ಅಧ್ಯಾಯ ಅಮ್ಮನದು. ಅದನ್ನು ಎರಡು ಥರ ಬರೆದಿದ್ದೇನೆ. ಒಂದರಲ್ಲಿ ಅಮ್ಮ ಬೈಯುತ್ತಾಳೆ. ಇನ್ನೊಂದರಲ್ಲಿ ಬೈಯುವುದಿಲ್ಲ, ಪೆಟ್ಟಿಗೆ ತೆಗೆದು ತಟ್ಟೆ ಲೋಟಗಳನ್ನು ಬಟ್ಟೆಯಲ್ಲಿ ಸುತ್ತಿ ಇಡಲು ಶುರು ಮಾಡುತ್ತಾಳೆ, ಮಗಳು ಪಕ್ಕಕ್ಕೆ ಹೋಗಿ ಕೂತು ಒಂದೊಂದೇ ಎತ್ತಿ ಕೊಡುತ್ತಾಳೆ. ಎರಡನ್ನೂ ಪ್ರಿಂಟ್ ತೆಗೆದು ಅಕ್ಕನ ಮಗಳಿಗೆ ಕೊಟ್ಟಿದ್ದೇನೆ. ಪೆನ್ಸಿಲ್ ಇನ್ನೂ ಅವಳ ಹತ್ತಿರವೇ ಇದೆ.